ಯಾವ ಮಾತ್ರೆ ಅಂತ ಮೊದಲು ಹೇಳಿ

"ಜೆನೆರಿಕ್ ಮಾತ್ರೆ ತಗೋಬಹುದಾ? ಅದು ನಿಜವಾಗ್ಲೂ ಕೆಲಸ ಮಾಡತ್ತಾ?"

ಫಾರ್ಮಸಿ ಓದಿದವರ ಹಣೆಯಲ್ಲಿ ಈ ಪ್ರಶ್ನೆ ಬರೆದೇ ಇರತ್ತೆ ಅಂತ ಕಾಣತ್ತೆ. ಮದುವೆ ಊಟದ ಪಂಕ್ತಿಯಲ್ಲಿ ಕೂತ್ರೂ ಬಿಡಲ್ಲ, ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಗೊತ್ತಾದ್ರೂ ಬಿಡಲ್ಲ. ಕೇಳೋರಲ್ಲೂ ಎರಡು ಪಂಗಡ. ಒಂದು ಪಂಗಡಕ್ಕೆ ಉತ್ತರ ಮೊದಲೇ ಗೊತ್ತು: "ಎಲ್ಲಾ ಒಂದೇ ರೀ, ಕಂಪನಿಯೋರು ಹೆಸರಿಗೆ ದುಡ್ಡು ಕೀಳ್ತಾರೆ ಅಷ್ಟೆ." ಇನ್ನೊಂದಕ್ಕೂ ಗೊತ್ತು: "ಅಗ್ಗದ್ದು ಅಂದ್ಮೇಲೆ ಏನೋ ಕಡಿಮೆ ಹಾಕಿರ್ತಾರೆ ಬಿಡಿ." ಇಬ್ಬರೂ ನನ್ನ ಬಾಯಿಂದ ಹೌದು ಅನ್ನಿಸ್ಕೋಬೇಕು ಅಂತಲೇ ಕೇಳೋದು.

ನಾನು ತಿರುಗಿ ಕೇಳೋದು ಒಂದೇ. ಯಾವ ಮಾತ್ರೆ?

ಇದು ಜಾರಿಕೊಳ್ಳೋ ಉತ್ತರ ಅಂತ ಕೆಲವರಿಗೆ ಅನ್ನಿಸತ್ತೆ. ಅಲ್ಲ. ಬಾಯಿಂದ ನುಂಗೋ ಮದ್ದುಗಳನ್ನ ನಾಲ್ಕು ಖಾನೆಗಳಲ್ಲಿ ಹಾಕೋ ಒಂದು ವಿಂಗಡಣೆ ಇದೆ. ಯಾವ ಖಾನೆಯ ಮದ್ದು ಅನ್ನೋದರ ಮೇಲೆ ಈ ಪ್ರಶ್ನೆಯ ಉತ್ತರ ಬದಲಾಗತ್ತೆ. 2017ರಿಂದ ನಮ್ಮ ದೇಶದ ಕಾನೂನು ಕೂಡಾ ಈ ವಿಂಗಡಣೆಯನ್ನೇ ನಂಬಿಕೊಂಡಿದೆ. ಆದ್ರೆ ಟೀವಿ ಚರ್ಚೆಗಳಲ್ಲಿ, ಪತ್ರಿಕೆಗಳ ಅಂಕಣಗಳಲ್ಲಿ, ನಮ್ಮ ಬ್ಲಾಗುಗಳಲ್ಲಿ ಕೂಡಾ ಇದರ ಹೆಸರು ಎತ್ತಿದೋರನ್ನ ನಾನು ನೋಡಿದ್ದು ಕಡಿಮೆ. ಅದಕ್ಕೇ ಈ ಬರಹ. ಸ್ವಲ್ಪ ಉದ್ದ ಆಗತ್ತೆ, ಕಾಫಿ ಪಕ್ಕಕ್ಕಿಟ್ಕೊಂಡು ಓದಿ :)

ಮಾತ್ರೆ ನುಂಗಿದ ಮೇಲೆ ಏನಾಗತ್ತೆ ಅಂತ ಯೋಚಿಸಿದ್ದೀರಾ? ಪಟ್ಟಿಯ ಮೇಲೆ 500 ಮಿಲಿಗ್ರಾಂ ಅಂತ ಬರೆದಿರತ್ತೆ. ಆ 500 ಮಿಲಿಗ್ರಾಂ ಹೊಟ್ಟೆಗೆ ಹೋಯ್ತು ನಿಜ, ಆದ್ರೆ ಹೊಟ್ಟೆ ಅನ್ನೋದು ಒಂದರ್ಥದಲ್ಲಿ ಇನ್ನೂ ಮೈಯ ಹೊರಗೇ. ಬಾಯಿಂದ ಆ ಕಡೆ ತುದಿವರೆಗೂ ಒಂದು ಕೊಳವೆ, ಅದರೊಳಗೆ ಮಾತ್ರೆ ಸಾಗ್ತಾ ಇದೆ. ರಕ್ತಕ್ಕೆ ಸೇರಬೇಕಾದ್ರೆ ಅದು ಎರಡು ಬಾಗಿಲು ದಾಟಬೇಕು. ಮೊದಲನೇದು, ಹೊಟ್ಟೆ ಮತ್ತು ಕರುಳಿನ ರಸದಲ್ಲಿ ಕರಗಬೇಕು. ಎರಡನೇದು, ಕರಗಿದ್ದು ಕರುಳಿನ ಗೋಡೆಯನ್ನ ದಾಟಬೇಕು. ಇದಕ್ಕೆ ಸಿಗೋ ಸಮಯವೂ ಕಡಿಮೆ. ಸಣ್ಣ ಕರುಳನ್ನ ಹಾದುಹೋಗೋಕೆ ಸುಮಾರು ಮೂರರಿಂದ ನಾಲ್ಕು ಗಂಟೆ. ಹೀರಿಕೊಳ್ಳೋ ಕೆಲಸದ ಬಹುಪಾಲು ಅಲ್ಲೇ ಮುಗೀಬೇಕು. ಉಳಿದದ್ದು ದೊಡ್ಡ ಕರುಳಿಗೆ ಹೋಗಿ... ಮುಂದಿನದು ನಿಮಗೇ ಗೊತ್ತು.

ಕೆಲವು ಮದ್ದುಗಳಿಗೆ ಮೊದಲನೇ ಬಾಗಿಲು ಕಷ್ಟ, ಕೆಲವಕ್ಕೆ ಎರಡನೇದು, ಕೆಲವಕ್ಕೆ ಎರಡೂ ಕಷ್ಟ, ಕೆಲವಕ್ಕೆ ಯಾವುದೂ ಕಷ್ಟ ಇಲ್ಲ. ನಾಲ್ಕು ಖಾನೆ ಅಂದ್ರೆ ಇಷ್ಟೇ. ಇದನ್ನ 1995ರಲ್ಲಿ ನಾಲ್ಕು ಜನ ಸೇರಿ ಒಂದು ಪ್ರಬಂಧದಲ್ಲಿ ಬರೆದ್ರು. ಮಿಶಿಗನ್ ವಿಶ್ವವಿದ್ಯಾಲಯದ ಗಾರ್ಡನ್ ಅಮಿಡಾನ್, ಸ್ವೀಡನ್ನಿನ ಉಪ್ಸಾಲದ ಹಾನ್ಸ್ ಲೆನ್ನರ್ನಾಸ್, ಅಮೆರಿಕದ ಎಫ್‌ಡಿಎಯಲ್ಲಿದ್ದ ವಿನೋದ್ ಶಾ, ಮತ್ತೆ ಜಾನ್ ಕ್ರಿಸನ್. ಅದರ ಹೆಸರು ಬಯೋಫಾರ್ಮಾಸ್ಯೂಟಿಕ್ಸ್ ಕ್ಲಾಸಿಫಿಕೇಷನ್ ಸಿಸ್ಟಮ್, ಸಣ್ಣದಾಗಿ ಬಿಸಿಎಸ್. ಚೆನ್ನಾಗಿ ಕರಗಿ ಚೆನ್ನಾಗಿ ದಾಟೋವು ಒಂದನೇ ಖಾನೆ. ಕರಗೋದು ಕಷ್ಟ, ಕರಗಿದ್ರೆ ದಾಟೋದು ಸುಲಭ, ಇವು ಎರಡನೇ ಖಾನೆ. ಕರಗೋದು ಸುಲಭ, ದಾಟೋದು ಕಷ್ಟ ಅನ್ನೋವು ಮೂರು. ಎರಡೂ ಕಷ್ಟ ಇರೋವು ನಾಲ್ಕು.

ಇದರಲ್ಲಿ ನನಗೆ ತುಂಬಾ ಇಷ್ಟ ಆಗೋದು "ಚೆನ್ನಾಗಿ ಕರಗತ್ತೆ" ಅನ್ನೋದಕ್ಕೆ ಅವರು ಕೊಟ್ಟ ಅಳತೆ. ಒಂದು ಲೋಟ ನೀರು! ಒಂದು ಸಲಕ್ಕೆ ತಗೊಳ್ಳೋ ಅತಿ ಹೆಚ್ಚಿನ ಡೋಸು 250 ಮಿಲಿಲೀಟರ್ ನೀರಿನಲ್ಲಿ ಪೂರ್ತಿ ಕರಗಬೇಕು. ಬರೀ ಕುಡಿಯೋ ನೀರಲ್ಲಿ ಕರಗಿದ್ರೆ ಸಾಲದು. ಹೊಟ್ಟೆಯ ಹುಳಿಯಿಂದ ಹಿಡಿದು ಸಣ್ಣ ಕರುಳಿನ ಹದದವರೆಗೆ, ಅಂದ್ರೆ ಈಗಿನ ಲೆಕ್ಕದಲ್ಲಿ ಪಿಎಚ್ 1.2ರಿಂದ 6.8ರವರೆಗೆ, ಮೈಯ ಬಿಸಿಯಲ್ಲಿ, ಎಲ್ಲಾ ಕಡೆನೂ ಕರಗಬೇಕು. 250 ಎಲ್ಲಿಂದ ಬಂತು ಅಂದ್ರೆ, ಮದ್ದಿನ ಪರೀಕ್ಷೆಗೆ ಬರೋ ಜನರಿಗೆ ಮಾತ್ರೆ ಜೊತೆ ಕುಡಿಯೋಕೆ ಕೊಡೋದು ಒಂದು ದೊಡ್ಡ ಲೋಟ, ಸುಮಾರು 240 ಮಿಲಿಲೀಟರ್ ನೀರು. ಮಾತ್ರೆಯನ್ನ ಎರಡು ಗುಟುಕಿನಲ್ಲಿ ನುಂಗಿ ಎದ್ದು ಹೋಗೋರು ಇದನ್ನ ಸ್ವಲ್ಪ ನೆನಪಿಟ್ಕೊಳ್ಳಿ.

ಒಂದು ಸಣ್ಣ ಲೆಕ್ಕ ಮಾಡೋಣ. ಪ್ಯಾರಾಸಿಟಮಾಲ್ ಒಂದು ಮಿಲಿಲೀಟರ್ ನೀರಿಗೆ ಸುಮಾರು 14 ಮಿಲಿಗ್ರಾಂ ಕರಗತ್ತೆ. 500 ಮಿಲಿಗ್ರಾಂ ಕರಗೋಕೆ 36 ಮಿಲಿಲೀಟರ್ ಸಾಕು, ಅರ್ಧ ಲೋಟವೂ ಬೇಡ. ಈಗ ಐಬುಪ್ರೊಫೆನ್ ನೋಡಿ. ಹೊಟ್ಟೆಯ ಹುಳಿಯಲ್ಲಿ 250 ಮಿಲಿಲೀಟರಿಗೆ ಕರಗೋದು ಸುಮಾರು ಹತ್ತು ಮಿಲಿಗ್ರಾಂ. ಮಾತ್ರೆಯಲ್ಲಿರೋದು 400! ಹಾಗಾಗಿ ಅದು ಎರಡನೇ ಖಾನೆ. ಆದ್ರೆ ಅದೇ ಐಬುಪ್ರೊಫೆನ್ ಸಣ್ಣ ಕರುಳಿಗೆ ಇಳಿದ ತಕ್ಷಣ ಹುಳಿ ಕಡಿಮೆ ಆಗಿ ಸಲೀಸಾಗಿ ಕರಗತ್ತೆ. ಇಂಥಾ ಮದ್ದುಗಳ ಮೇಲೆ ಇಷ್ಟು ಕಟ್ಟುನಿಟ್ಟು ಬೇಕಾ ಅಂತ ದೊಡ್ಡ ವಾದವೇ ನಡೀತು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಇವಕ್ಕೆ ರಿಯಾಯಿತಿ ಕೊಟ್ಟು, ಆಮೇಲೆ ಹಿಂದಕ್ಕೆ ತಗೊಂಡಿತು. ಅಂದ್ರೆ ಖಾನೆಗಳ ಗೆರೆ ದೇವರು ಎಳೆದದ್ದಲ್ಲ, ಮನುಷ್ಯರೇ ಕೂತು ಜಗಳ ಮಾಡಿ ಎಳೆದದ್ದು.

ಸರಿ, ಈ ಖಾನೆಗಳಿಗೂ ಜೆನೆರಿಕ್ ಜಗಳಕ್ಕೂ ಏನು ಸಂಬಂಧ?

ಕಲ್ಲುಸಕ್ಕರೆ ಮತ್ತು ಪುಡಿಸಕ್ಕರೆ ತಗೊಳ್ಳಿ. ಎರಡೂ ಸಕ್ಕರೆಯೇ, ಎರಡೂ ಹತ್ತು ಗ್ರಾಂ. ಲ್ಯಾಬಿಗೆ ಕಳಿಸಿದ್ರೆ ಎರಡಕ್ಕೂ ಪಾಸ್ ಅಂತ ಸರ್ಟಿಫಿಕೇಟ್ ಬರತ್ತೆ. ಆದ್ರೆ ಹಾಲಿಗೆ ಹಾಕಿ ನೋಡಿ, ಪುಡಿ ಕ್ಷಣದಲ್ಲಿ ಮಾಯ, ಕಲ್ಲುಸಕ್ಕರೆ ತಳದಲ್ಲೇ ಕೂತಿರತ್ತೆ. ಎರಡನೇ ಖಾನೆಯ ಮದ್ದಿನ ಹಣೆಬರಹ ಇದೇ. ಪುಡಿಯನ್ನ ಎಷ್ಟು ಸಣ್ಣಗೆ ಅರೆದಿದ್ದಾರೆ, ಯಾವ ಹರಳಿನ ರೂಪದಲ್ಲಿದೆ, ಜೊತೆಗೆ ಏನು ಬೆರೆಸಿದ್ದಾರೆ, ಮಾತ್ರೆಯನ್ನ ಎಷ್ಟು ಗಟ್ಟಿಯಾಗಿ ಒತ್ತಿದ್ದಾರೆ, ಇವೆಲ್ಲ ಸೇರಿ ರಕ್ತಕ್ಕೆ ಎಷ್ಟು ಹೋಗತ್ತೆ ಅಂತ ತೀರ್ಮಾನ ಮಾಡತ್ತೆ. ಹುಳುಕಡ್ಡಿಗೆ ಕೊಡ್ತಿದ್ದ ಗ್ರಿಸಿಯೋಫಲ್ವಿನ್ ಪುಡಿಯನ್ನ ಇನ್ನೂ ಸಣ್ಣಗೆ ಅರೆಯೋಕೆ ಶುರು ಮಾಡಿದ ಮೇಲೆ ಡೋಸ್ ಅರ್ಧಕ್ಕೆ ಇಳೀತು. ಮದ್ದು ಅದೇ, ಬರೀ ಅರೆದಿದ್ದು!

ಇದಕ್ಕಿಂತ ದೊಡ್ಡ ಕಥೆ ಬ್ರಿಸ್ಬೇನಿನದು. 1968ರ ಸುಮಾರಿಗೆ ಆಸ್ಟ್ರೇಲಿಯಾದ ಆ ಊರಿನಲ್ಲಿ, ಮೂರ್ಛೆರೋಗಕ್ಕೆ ಫೆನಿಟಾಯಿನ್ ತಗೊಂಡು ವರ್ಷಗಟ್ಟಲೆ ಆರಾಮಾಗಿದ್ದ ಜನ ಒಬ್ಬೊಬ್ಬರಾಗಿ ಡಾಕ್ಟರ ಹತ್ರ ಬರೋಕೆ ಶುರು ಮಾಡಿದ್ರು. ನಡಿಗೆ ತೂರಾಡ್ತಿದೆ, ಒಂದು ಎರಡಾಗಿ ಕಾಣ್ತಿದೆ, ವಾಂತಿ. ರಕ್ತ ಪರೀಕ್ಷೆ ಮಾಡಿದ್ರೆ ಫೆನಿಟಾಯಿನ್ ಪ್ರಮಾಣ ವಿಪರೀತ ಏರಿತ್ತು. ಡೋಸ್ ಯಾರೂ ಹೆಚ್ಚು ಮಾಡಿರಲಿಲ್ಲ. ಆಗಿದ್ದಿಷ್ಟೇ, ಕ್ಯಾಪ್ಸೂಲ್ ತುಂಬೋಕೆ ಮದ್ದಿನ ಜೊತೆ ಬೆರೆಸ್ತಿದ್ದ ಕ್ಯಾಲ್ಸಿಯಂ ಸಲ್ಫೇಟ್ ತೆಗೆದು ಲ್ಯಾಕ್ಟೋಸ್ ಹಾಕಿದ್ರು. ಕ್ಯಾಲ್ಸಿಯಂ ಇದ್ದಾಗ ಮದ್ದಿನ ಒಂದಷ್ಟು ಭಾಗ ರಕ್ತಕ್ಕೆ ಸೇರದೇ ಹೋಗ್ತಿತ್ತು, ಡಾಕ್ಟರುಗಳು ಆ ಕಡಿಮೆಗೇ ಹೊಂದಿಸಿ ಡೋಸ್ ಕೊಟ್ಟಿದ್ರು. ಲ್ಯಾಕ್ಟೋಸ್ ಬಂದ ತಕ್ಷಣ ಅಡ್ಡಗಟ್ಟೆ ಒಡೆದ ಹಾಗಾಯ್ತು.

ಗಮನಿಸಿ, ಇಲ್ಲಿ ಜೆನೆರಿಕ್ ಅನ್ನೋ ಮಾತೇ ಇಲ್ಲ. ಅದೇ ಹೆಸರು, ಅದೇ ಕಂಪನಿ, ಅದೇ ಮಿಲಿಗ್ರಾಂ. ನಮ್ಮ ಎರಡೂ ಪಂಗಡಗಳಿಗೆ ಈ ಕಥೆ ಅರಗಲ್ಲ. "ಮದ್ದು ಒಂದೇ ಅಂದ್ರೆ ಎಲ್ಲಾ ಒಂದೇ" ಅನ್ನೋರಿಗೂ ಅರಗಲ್ಲ, "ದೊಡ್ಡ ಹೆಸರು ಅಂದ್ರೆ ಭದ್ರ" ಅನ್ನೋರಿಗೂ ಅರಗಲ್ಲ.

ನಮ್ಮ ಕಾಲದ್ದು, ನಮ್ಮ ಊರಿನದ್ದೇ ಉದಾಹರಣೆ ಬೇಕಾ? ಹುಳುಕಡ್ಡಿ ಈಗ ಎಲ್ಲಾ ಕಡೆ ಹಟ ಹಿಡಿದು ಕೂತಿದೆ, ಅದಕ್ಕೆ ಕೊಡೋ ಇಟ್ರಾಕೊನಝೋಲ್ ಕ್ಯಾಪ್ಸೂಲನ್ನ ಬಿಡಿಸಿ ನೋಡಿ (ಸುಮ್ನೆ ನೋಡಿ, ಚೆಲ್ಲಬೇಡಿ, ದುಬಾರಿ). ಒಳಗೆ ಸಾಬಕ್ಕಿಗಿಂತ ಸಣ್ಣ ಗುಂಡುಗಳಿರತ್ತೆ. ಸಕ್ಕರೆ ಕಾಳಿನ ಮೇಲೆ ಮದ್ದಿನ ತೆಳು ಲೇಪ. ನೀರಿನಲ್ಲಿ ಕರಗೋದೇ ಇಲ್ಲ ಅನ್ನೋ ಅಷ್ಟು ಹಟಮಾರಿ ಮದ್ದು ಇದು, ಅದನ್ನ ಕರಗಿಸೋಕೆ ಮಾಡಿದ ಉಪಾಯ ಆ ಲೇಪ. ಗುಂಡುಗಳ ಗಾತ್ರ, ಸಂಖ್ಯೆ ಕಂಪನಿಯಿಂದ ಕಂಪನಿಗೆ ಬೇರೆ ಬೇರೆ ಇದೆ ಅಂತ ನಮ್ಮ ದೇಶದ ಚರ್ಮವೈದ್ಯರೇ ಎಣಿಸಿ, ಅಳೆದು ತಮ್ಮ ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದಿದ್ದಾರೆ. ಜೊತೆಗೆ ಈ ಮದ್ದಿಗೆ ಹೊಟ್ಟೆಯಲ್ಲಿ ಹುಳಿ ಬೇಕು. ಗ್ಯಾಸಿನ ಮಾತ್ರೆ ನುಂಗಿ ಅದರ ಹಿಂದೇನೇ ಈ ಕ್ಯಾಪ್ಸೂಲ್ ನುಂಗಿದ್ರೆ ಅರ್ಧ ದುಡ್ಡು ನೀರಿಗೆ ಹಾಕಿದ ಹಾಗೇ. ಊಟದ ಜೊತೆ ತಗೊಳ್ಳಿ ಅಂತ ಹೇಳೋದು ಅದಕ್ಕೇ.

ಮಾತ್ರೆಯಿಂದ ಮಾತ್ರೆಗೆ ಇರೋ ಇಂಥಾ ವ್ಯತ್ಯಾಸ ಹಿಡಿಯೋಕೆ ಇರೋ ದಾರಿ ಜೈವಿಕ ಸಮಾನತೆಯ ಪರೀಕ್ಷೆ, ಬಿಇ ಸ್ಟಡಿ ಅಂತಾರೆ. ಒಂದಷ್ಟು ಆರೋಗ್ಯವಂತರನ್ನ ಕರೆದು, ರಾತ್ರಿಯೆಲ್ಲಾ ಉಪವಾಸ ಇಟ್ಟು, ಒಂದು ಸಲ ಮೂಲ ಕಂಪನಿಯ ಮಾತ್ರೆ, ಕೆಲವು ದಿನ ಬಿಟ್ಟು ಹೊಸ ಕಂಪನಿಯ ಮಾತ್ರೆ ಕೊಟ್ಟು, ಪ್ರತಿ ಸಲಾನೂ ಹತ್ತಿಪ್ಪತ್ತು ಬಾರಿ ರಕ್ತ ತೆಗೆದು, ಮದ್ದು ಎಷ್ಟು ಏರಿತು ಎಷ್ಟು ಇಳೀತು ಅಂತ ಗೆರೆ ಎಳೀತಾರೆ. ಎರಡೂ ಗೆರೆ ಹೆಚ್ಚುಕಡಿಮೆ ಒಂದರ ಮೇಲೊಂದು ಕೂತ್ರೆ ಪಾಸ್.

ಇಲ್ಲೊಂದು ಸುಳ್ಳು ಸುದ್ದಿ ಓಡಾಡ್ತಾ ಇರತ್ತೆ, ಅದನ್ನ ಇಲ್ಲೇ ಮುಗಿಸಿಬಿಡ್ತೀನಿ. "80ರಿಂದ 125 ಪರ್ಸೆಂಟ್ ಇದ್ರೂ ಪಾಸಂತೆ, ಅಂದ್ರೆ ಜೆನೆರಿಕ್‌ನಲ್ಲಿ ಮದ್ದು 20 ಪರ್ಸೆಂಟ್ ಕಡಿಮೆ ಇರಬಹುದಂತೆ!" ಹಾಗಲ್ಲ. ಆ 80-125 ಅನ್ನೋದು ಸರಾಸರಿಗೆ ಹಾಕಿದ ಬೇಲಿ ಅಲ್ಲ. ಸರಾಸರಿಯ ಸುತ್ತ ಇರೋ ಅನಿಶ್ಚಿತತೆಯ ಪಟ್ಟಿ ಪೂರ್ತಿಯಾಗಿ ಆ ಬೇಲಿಯ ಒಳಗೆ ಕೂರಬೇಕು. ಸರಾಸರಿಯೇ 80ರ ಹತ್ರ ಹೋದ್ರೆ ಪಟ್ಟಿಯ ಒಂದು ಕಾಲು ಹೊರಗೆ ಬಂದೇ ಬರತ್ತೆ, ಫೇಲ್. 2009ರಲ್ಲಿ ಅಮೆರಿಕದ ಎಫ್‌ಡಿಎಯವರು ತಮ್ಮಲ್ಲಿ ಪಾಸಾದ 2,070 ಇಂಥಾ ಪರೀಕ್ಷೆಗಳನ್ನ ಒಟ್ಟು ಹಾಕಿ ನೋಡಿದಾಗ, ರಕ್ತಕ್ಕೆ ಸೇರಿದ ಒಟ್ಟು ಮದ್ದಿನಲ್ಲಿ ಸಿಕ್ಕ ಸರಾಸರಿ ವ್ಯತ್ಯಾಸ ಶೇಕಡಾ ಮೂರೂವರೆ. ಪರೀಕ್ಷೆ ಆದ ಜೆನೆರಿಕ್ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ, ನಮ್ಮ ಮನೆಯಲ್ಲಿ ತಗೊಳ್ಳೋದೂ ಅದನ್ನೇ.

ಹಾಗಾದ್ರೆ ಎಲ್ಲಾ ಮಾತ್ರೆಗೂ ಪರೀಕ್ಷೆ ಮಾಡಿಸಿಬಿಡಿ, ಕಥೆ ಮುಗೀತಲ್ಲ? ಬಿಸಿಎಸ್ ಹುಟ್ಟಿದ್ದೇ ಈ ಪ್ರಶ್ನೆಗೆ. ಆರೋಗ್ಯವಾಗಿರೋ ಒಬ್ಬ ಮನುಷ್ಯನಿಗೆ, ಅವನಿಗೆ ಬೇಡದ ಮದ್ದು ಕೊಟ್ಟು, ಮತ್ತೆ ಮತ್ತೆ ರಕ್ತ ತೆಗೆಯೋದು ಸಣ್ಣ ವಿಷಯ ಅಲ್ಲ. ಇಂಥಾ ಪರೀಕ್ಷೆಗೆ ಬರೋರು ಯಾಕೆ ಬರ್ತಾರೆ ಅಂತ ಬಿಡಿಸಿ ಹೇಳಬೇಕಾ? ದುಡ್ಡಿನ ಅವಶ್ಯಕತೆ ಇರೋರು ಬರ್ತಾರೆ. ಹಾಗಾಗಿ ಅಗತ್ಯ ಇಲ್ಲದ ಕಡೆ ಮಾಡಬಾರದು. ಒಂದನೇ ಖಾನೆಯ ಮದ್ದು ಚೆನ್ನಾಗಿ ಕರಗತ್ತೆ, ಚೆನ್ನಾಗಿ ದಾಟತ್ತೆ. ಮಾತ್ರೆ ಬೇಗ ಬಿಚ್ಚಿಕೊಂಡರೆ ಸಾಕು, ಹೊಟ್ಟೆಗೆ ಅದು ದ್ರಾವಣ ಕುಡಿದ ಹಾಗೇ. ಅದನ್ನ ಗಾಜಿನ ಪಾತ್ರೆಯಲ್ಲೇ ಪರೀಕ್ಷೆ ಮಾಡಬಹುದು, ಮನುಷ್ಯರು ಬೇಡ. ಈ ವಿನಾಯಿತಿಯನ್ನ ಎಫ್‌ಡಿಎ 2000ದಲ್ಲಿ ಒಪ್ಪಿಕೊಂಡಿತು. ಬೇರೆ ಬೇರೆ ದೇಶಗಳ ನಿಯಮಗಳನ್ನ ಒಂದು ಮಾಡೋ ಐಸಿಎಚ್ 2019ರ ನವೆಂಬರಿನಲ್ಲಿ ಎಂ9 ಅನ್ನೋ ಹೆಸರಿನಲ್ಲಿ ಒಂದು ಮಾರ್ಗಸೂಚಿಯನ್ನೇ ತಂತು.

ಈಗ ನಮ್ಮ ದೇಶಕ್ಕೆ ಬರೋಣ.

2017ಕ್ಕೆ ಮುಂಚೆ ನಮ್ಮಲ್ಲಿ ಇದ್ದ ವ್ಯವಸ್ಥೆ ಹೀಗಿತ್ತು. ಒಂದು ಮದ್ದು ದೇಶಕ್ಕೆ ಹೊಸದಾಗಿ ಬಂದು ನಾಲ್ಕು ವರ್ಷದವರೆಗೆ ಅದು "ಹೊಸ ಮದ್ದು", ಅದನ್ನ ಮಾಡೋಕೆ ದೆಹಲಿಯ ಒಪ್ಪಿಗೆ ಬೇಕು, ಬಿಇ ವರದಿ ಕೊಡಬೇಕು. ನಾಲ್ಕು ವರ್ಷ ಕಳೆದ್ರೆ ಅದು ಹಳೇದು. ಆಮೇಲೆ ಯಾರು ಬೇಕಾದ್ರೂ ತಮ್ಮ ರಾಜ್ಯದ ಔಷಧ ನಿಯಂತ್ರಣ ಇಲಾಖೆಗೆ ಅರ್ಜಿ ಹಾಕಿ, ಬಿಇ ವರದಿ ಇಲ್ಲದೇ ಲೈಸೆನ್ಸ್ ತಗೋಬಹುದಿತ್ತು. ನಾಲ್ಕು ವರ್ಷ ಕಳೆದ ತಕ್ಷಣ ಕರಗದ ಮದ್ದು ಕರಗೋಕೆ ಕಲಿಯತ್ತೆ ಅಂತ ಯಾರಿಗೆ ಅನ್ನಿಸಿತ್ತೋ ಏನೋ! 2017ರ ಏಪ್ರಿಲ್ 3ರಂದು ಕೇಂದ್ರ ಆರೋಗ್ಯ ಸಚಿವಾಲಯ ಗೆಜೆಟ್‌ನಲ್ಲಿ ತಿದ್ದುಪಡಿ ಹೊರಡಿಸಿತು. ಬಾಯಿಂದ ತಗೊಳ್ಳೋ, ಬಿಸಿಎಸ್ ಎರಡು ಮತ್ತು ನಾಲ್ಕನೇ ಖಾನೆಯ ಮದ್ದಿಗೆ ಲೈಸೆನ್ಸ್ ಬೇಕಾದ್ರೆ, ಎಷ್ಟೇ ಹಳೇ ಮದ್ದಾಗಿರಲಿ, ಬಿಇ ವರದಿ ಕಡ್ಡಾಯ.

ನಾನು ಇದನ್ನ ಮನಸಾರೆ ಮೆಚ್ಚಿಕೊಂಡವನು. ಔಷಧ ಕಾನೂನಿನಲ್ಲಿ ವಿಜ್ಞಾನ ಇಷ್ಟು ನೇರವಾಗಿ ಕೂತಿದ್ದು ಅಪರೂಪ. ಆದ್ರೆ ಕೆಲಸ ಅರ್ಧಕ್ಕೇ ನಿಂತಿದೆ ಅಂತ ನನ್ನ ತಕರಾರು. ಎರಡು ಕಡೆ.

ಮೊದಲನೇದು ಎಲ್ಲರಿಗೂ ಕಾಣೋದೇ. ನಿಯಮ ಅನ್ವಯ ಆಗೋದು ಲೈಸೆನ್ಸಿಗೆ ಹೊಸದಾಗಿ ಅರ್ಜಿ ಹಾಕೋರಿಗೆ. ಅದಕ್ಕೆ ಮುಂಚೆ ರಾಜ್ಯಗಳಿಂದ ಲೈಸೆನ್ಸ್ ತಗೊಂಡು ಅಂಗಡಿಗೆ ಬಂದಿರೋ ಎರಡನೇ ಖಾನೆ, ನಾಲ್ಕನೇ ಖಾನೆಯ ಮಾತ್ರೆಗಳ ಕಥೆ ಏನು? ಅದರಲ್ಲಿ ಎಷ್ಟೋ ಒಳ್ಳೇವೇ ಇರಬಹುದು. ಮೆಡಿಕಲ್ ಶಾಪಿನ ಕೌಂಟರಿನ ಈ ಕಡೆ ನಿಂತವರಿಗೆ ಯಾವುದು ಯಾವುದು ಅಂತ ಹೇಗೆ ಗೊತ್ತಾಗಬೇಕು?

ಎರಡನೇದು ಮೂರನೇ ಖಾನೆ. ಇದರ ಬಗ್ಗೆ ಯಾರೂ ಮಾತಾಡಲ್ಲ, ನನಗೆ ಹೆಚ್ಚು ಕಾಡೋದು ಇದೇ. ನಮ್ಮ ನಿಯಮ ಎರಡು ಮತ್ತು ನಾಲ್ಕನ್ನ ಹಿಡಿದು ಒಂದು ಮತ್ತು ಮೂರನ್ನ ಒಂದೇ ಗಂಟಿಗೆ ಕಟ್ಟಿ ಬಿಟ್ಟುಬಿಟ್ಟಿದೆ. ಕರಗತ್ತೆ ತಾನೇ, ಇನ್ನೇನು ಅಂತ. ಆದ್ರೆ ಮೂರನೇ ಖಾನೆಯ ಮದ್ದಿಗೆ ಕರಗಿದ ಮೇಲೇ ಕಷ್ಟ ಶುರು. ಜಾತ್ರೆ ದಿನ ಗರ್ಭಗುಡಿ ಮುಂದೆ ಜನ ಸೇರಿದ ಹಾಗೆ, ಎಲ್ಲಾ ಬಂದು ನಿಂತಿದ್ದಾರೆ, ಬಾಗಿಲು ಮಾತ್ರ ಕಿರಿದು. ಬಾಗಿಲು ಮುಚ್ಚೋ ಹೊತ್ತಿಗೆ ಎಷ್ಟು ಜನ ಒಳಗೆ ಹೋದ್ರೋ ಅಷ್ಟೇ. ಜನರನ್ನ ಯಾರಾದ್ರೂ ಹಿಂದಿನಿಂದ ನೂಕಿ ಬೇಗ ಬೇಗ ಮುಂದಕ್ಕೆ ಸಾಗಿಸಿಬಿಟ್ರೆ ಒಳಗೆ ಹೋಗೋರ ಸಂಖ್ಯೆ ಇನ್ನೂ ಕಡಿಮೆ.

ನೂಕೋರು ಯಾರು ಅಂದ್ರೆ, ಮಾತ್ರೆಯಲ್ಲಿ ಮದ್ದಿನ ಜೊತೆ ಇರೋ ಸಾಮಗ್ರಿಗಳು. ನಮ್ಮ ಭಾಷೆಯಲ್ಲಿ ಎಕ್ಸಿಪಿಯೆಂಟ್. ಸಾರ್ಬಿಟಾಲ್ ಅಂತ ಒಂದು ಸಿಹಿ ಪದಾರ್ಥ ಇದೆ, ಸಿರಪ್ಪುಗಳಲ್ಲಿ ಹಾಕ್ತಾರೆ. ಅದು ಕರುಳಿಗೆ ನೀರು ಎಳೆದು ಒಳಗಿರೋದನ್ನ ಬೇಗ ಮುಂದಕ್ಕೆ ತಳ್ಳತ್ತೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎರಡು ಮದ್ದನ್ನ ಸಾರ್ಬಿಟಾಲ್ ಜೊತೆ ಕೊಟ್ಟು ನೋಡಿದ್ರು. ಮೂರನೇ ಖಾನೆಯ ರ‍್ಯಾನಿಟಿಡಿನ್, ಒಂದನೇ ಖಾನೆಯ ಮೆಟೊಪ್ರೊಲಾಲ್. ಐದು ಗ್ರಾಂ ಸಾರ್ಬಿಟಾಲ್ ಇದ್ದಾಗ ರ‍್ಯಾನಿಟಿಡಿನ್ ರಕ್ತಕ್ಕೆ ಸೇರಿದ್ದು ಶೇಕಡಾ 45ರಷ್ಟು ಕಡಿಮೆ! ಮೆಟೊಪ್ರೊಲಾಲ್ ಒಟ್ಟು ಪ್ರಮಾಣಕ್ಕೆ ಏನೂ ಆಗಲಿಲ್ಲ, ಏರಿದ ಎತ್ತರ ಮಾತ್ರ ಸ್ವಲ್ಪ ಇಳೀತು. ಐದು ಗ್ರಾಂ ಅಂದ್ರೆ ಜಾಸ್ತಿಯೇ, ಯಾವ ಮಾತ್ರೆಯಲ್ಲೂ ಅಷ್ಟು ಇರಲ್ಲ, ಒಪ್ಪಿದೆ. ಆದ್ರೆ ಒಂದೇ ಸಾಮಗ್ರಿ ಒಂದನೇ ಖಾನೆಗೆ ಏನೂ ಮಾಡದೇ ಮೂರನೇ ಖಾನೆಯನ್ನ ಹೇಗೆ ಕೆಡಿಸಬಹುದು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಸಾಕ್ಷಿ ನನಗೆ ಗೊತ್ತಿಲ್ಲ.

ಅದಕ್ಕೇ ಎಂ9ನಲ್ಲಿ ಮೂರನೇ ಖಾನೆಗೂ ವಿನಾಯಿತಿ ಇದೆ, ಆದ್ರೆ ಷರತ್ತು ಬಿಗಿ. ಮೂಲ ಮಾತ್ರೆಯಲ್ಲಿರೋ ಸಾಮಗ್ರಿಗಳೇ ಇರಬೇಕು, ಪ್ರಮಾಣವೂ ಹತ್ತಿರ ಹತ್ತಿರ ಇರಬೇಕು, 15 ನಿಮಿಷದಲ್ಲಿ ಶೇಕಡಾ 85 ಕರಗಬೇಕು. ಒಂದನೇ ಖಾನೆಗೆ 30 ನಿಮಿಷದವರೆಗೂ ಅವಕಾಶ ಇದೆ, ಮೂರನೇದಕ್ಕೆ ಇಲ್ಲ. ಪ್ರಮಾಣ ಸ್ವಲ್ಪ ಏರುಪೇರಾದ್ರೂ ಅಪಾಯ ಅನ್ನೋ ಮದ್ದುಗಳಿಗೆ ಯಾವ ಖಾನೆಯಾದ್ರೂ ವಿನಾಯಿತಿಯೇ ಇಲ್ಲ. ನಿಧಾನವಾಗಿ ಬಿಡುಗಡೆ ಆಗೋ ಎಸ್‌ಆರ್, ಎಕ್ಸ್‌ಆರ್ ಮಾತ್ರೆಗಳಿಗೂ ಇಲ್ಲ. ಅಂದ್ರೆ ಅಲ್ಲಿ ಮೂರನೇ ಖಾನೆ "ಪರೀಕ್ಷೆ ಬೇಡ" ಅಂತ ಬಿಟ್ಟದ್ದಲ್ಲ. "ಇಷ್ಟನ್ನ ಸಾಬೀತು ಮಾಡಿದ್ರೆ ಮನುಷ್ಯರ ಮೇಲಿನ ಪರೀಕ್ಷೆ ಬೇಡ" ಅಂತ ಬಿಟ್ಟದ್ದು. ಈ ಎರಡು ವಾಕ್ಯಗಳ ನಡುವೆ ಇರೋ ದೂರವೇ ನನ್ನ ತಕರಾರು.

ಮೂರನೇ ಖಾನೆಯಲ್ಲಿ ಯಾರ‍್ಯಾರಿದ್ದಾರೆ ಅಂತ ಕೇಳಿದ್ರೆ ನಿಮ್ಮ ಮನೆಯ ಔಷಧಿ ಡಬ್ಬಿ ನೆನಪಾಗತ್ತೆ. ಸಕ್ಕರೆ ಕಾಯಿಲೆಗೆ ಡಾಕ್ಟರುಗಳು ಮೊದಲು ಬರೆಯೋ ಮೆಟ್‌ಫಾರ್ಮಿನ್. ನುಂಗಿದ್ದರಲ್ಲಿ ಅರ್ಧ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ರಕ್ತಕ್ಕೆ ಸೇರತ್ತೆ, ಮೂಲ ಮಾತ್ರೆಯಲ್ಲೂ ಅಷ್ಟೇ. ಬೀಪಿಗೆ ಅಟೆನೊಲಾಲ್. ಹರ್ಪೀಸಿಗೆ ಕೊಡೋ ಅಸೈಕ್ಲೋವಿರ್ ಮಾತ್ರೆಯೂ ಡೋಸ್ ಕಡಿಮೆ ಇದ್ದಾಗ ಇಲ್ಲೇ ಬರತ್ತೆ, ಡೋಸ್ ಏರಿದ್ರೆ ಲೋಟದ ಲೆಕ್ಕ ತಪ್ಪಿ ನಾಲ್ಕಕ್ಕೆ ಜಾರತ್ತೆ. (ಹೌದು, ಒಂದೇ ಮದ್ದು ಡೋಸಿನ ಮೇಲೆ ಖಾನೆ ಬದಲಾಯಿಸತ್ತೆ. ಅದಕ್ಕೇ "ಎರಡು ಮತ್ತು ನಾಲ್ಕು" ಅಂತ ಕಾನೂನಿನಲ್ಲಿ ಬರೆದ್ರೆ ಮುಗೀಲಿಲ್ಲ, ಯಾವ ಡೋಸಿಗೆ ಯಾವ ಖಾನೆ ಅಂತ ಎಲ್ಲರಿಗೂ ಕಾಣೋ ಹಾಗೆ ಪಟ್ಟಿ ಇಡಬೇಕು.)

"ಇದನ್ನೆಲ್ಲಾ ಕಡ್ಡಾಯ ಮಾಡಿದ್ರೆ ಸಣ್ಣ ಕಾರ್ಖಾನೆಗಳು ಬಾಗಿಲು ಹಾಕಬೇಕಾಗತ್ತೆ, ಮದ್ದಿನ ಬೆಲೆ ಏರತ್ತೆ" ಅನ್ನೋ ವಾದ ಇದೆ. ಎರಡನೇ ಖಾನೆಯ ಹಳೇ ಮಾತ್ರೆಗಳ ವಿಷಯದಲ್ಲಿ ಆ ವಾದಕ್ಕೆ ತೂಕ ಇದೆ, ಬಿಇ ಪರೀಕ್ಷೆ ಅಗ್ಗದ್ದಲ್ಲ. ಅಲ್ಲಿ ಸಮಯ ಕೊಡಿ, ಫೆನಿಟಾಯಿನ್ ತರಹದ ಅಪಾಯದ ಮದ್ದುಗಳಿಂದ ಶುರು ಮಾಡಿ, ಸರ್ಕಾರವೇ ಖರ್ಚಿನ ಒಂದು ಪಾಲು ಹೊರಲಿ. ಆದ್ರೆ ಮೂರನೇ ಖಾನೆಯ ವಿಷಯದಲ್ಲಿ ಈ ವಾದ ನಿಲ್ಲಲ್ಲ. ಬೇಕಾಗಿರೋದು ಪಿಎಚ್ 1.2, 4.5, 6.8 ಹೀಗೆ ಮೂರು ದ್ರಾವಣ, ಪ್ರತಿಯೊಂದರಲ್ಲೂ ಹನ್ನೆರಡು ಮಾತ್ರೆ ನಮ್ಮದು, ಹನ್ನೆರಡು ಮೂಲ ಕಂಪನಿಯದು. ಕರಗೋದನ್ನ ಅಳೆಯೋ ಆ ಯಂತ್ರ, ಆರು ಗಾಜಿನ ಪಾತ್ರೆ, ಆರು ತಿರುಗೋ ಹುಟ್ಟು, ಮಾತ್ರೆ ಮಾಡೋ ಪ್ರತಿ ಕಾರ್ಖಾನೆಯ ಲ್ಯಾಬಿನಲ್ಲೂ ಇದೆ. ಕೆಲವು ದಿನದ ಕೆಲಸ. ಮನುಷ್ಯರು ಬೇಡ, ಸೂಜಿ ಬೇಡ. ಇದನ್ನೂ ಮಾಡಲ್ಲ ಅನ್ನೋರು ಮಾತ್ರೆ ಮಾಡೋದು ಬೇಡ ಅಂತ ನನ್ನ ಅಭಿಪ್ರಾಯ, ಕಠಿಣ ಅನ್ನಿಸಿದ್ರೂ ಸರಿ.

ಬಿಸಿಎಸ್ ಎಲ್ಲಾ ರೋಗಕ್ಕೂ ಮದ್ದಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ಅದು ನೋಡೋದು ಕರುಳಿನ ಗೋಡೆವರೆಗೆ ಮಾತ್ರ, ಅದರಾಚೆ ಲಿವರ್ ಏನು ಮಾಡತ್ತೆ ಅನ್ನೋದು ಅದರ ಲೆಕ್ಕಕ್ಕೆ ಬರಲ್ಲ. ಪ್ರೊಪ್ರನೊಲಾಲ್ ಒಂದನೇ ಖಾನೆ, ಪೂರ್ತಿ ದಾಟತ್ತೆ, ಆದ್ರೆ ಲಿವರ್ ಅದರ ಮುಕ್ಕಾಲು ಪಾಲನ್ನ ಮೊದಲ ಸುತ್ತಿನಲ್ಲೇ ಮುಗಿಸಿಬಿಡತ್ತೆ. ಇನ್ನು ನಮ್ಮ ಅರಿಶಿನ! ಅದರ ಕರ್ಕ್ಯುಮಿನ್ ನೀರಿನಲ್ಲಿ ಕರಗಲ್ಲ (ಅರಿಶಿನದ ಹಾಲು ಕುಡಿದ ಲೋಟದ ತಳ ನೋಡಿ), ಗೋಡೆಯನ್ನೂ ಸುಲಭವಾಗಿ ದಾಟಲ್ಲ, ದಾಟಿದ ಚೂರುಪಾರನ್ನ ಕರುಳು, ಲಿವರ್ ಎರಡೂ ಸೇರಿ ಮುಗಿಸ್ತವೆ. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಪ್ರಕಟಿಸಿದ ಅಧ್ಯಯನ ಒಂದಿದೆ. ಎರಡು ಗ್ರಾಂ ಕರ್ಕ್ಯುಮಿನ್ ಕೊಟ್ರೂ ರಕ್ತದಲ್ಲಿ ಇಲ್ಲವೇ ಇಲ್ಲ ಅನ್ನೋ ಅಷ್ಟು ಕಡಿಮೆ. ಜೊತೆಗೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ರೆ ಶೇಕಡಾ 2000 ಏರಿಕೆ. ಆ 2000ವನ್ನ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಹಾಕಿ ಮಾರೋರು, ಅದು ಎಷ್ಟರ ಮೇಲೆ 2000 ಅಂತ ಮಾತ್ರ ಹೇಳಲ್ಲ :)

2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ "ಡಾಕ್ಟರುಗಳು ಜೆನೆರಿಕ್ ಹೆಸರಿನಲ್ಲೇ ಬರೀಬೇಕು" ಅಂತ ನಿಯಮ ತಂದು, ಗಲಾಟೆ ಆದ ಮೇಲೆ ಅದೇ ತಿಂಗಳು ತಡೆಹಿಡಿಯಿತು. ಆಗಲೂ ಅದೇ ಎರಡು ಪಂಗಡ, ಅದೇ ಜಗಳ. ಪ್ಯಾರಾಸಿಟಮಾಲ್ ಉದಾಹರಣೆ ಕೊಟ್ಟು ಒಬ್ಬರು, ಮೂರ್ಛೆರೋಗದ ಮಾತ್ರೆ ಉದಾಹರಣೆ ಕೊಟ್ಟು ಇನ್ನೊಬ್ಬರು. ಇಬ್ಬರೂ ಸರಿ, ಇಬ್ಬರೂ ಬೇರೆ ಬೇರೆ ಖಾನೆಯ ಬಗ್ಗೆ ಮಾತಾಡ್ತಿದ್ರು! ಜನೌಷಧಿ ಕೇಂದ್ರದ ಮದ್ದುಗಳ ಪ್ರತಿ ಬ್ಯಾಚನ್ನೂ ಮಾನ್ಯತೆ ಇರೋ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸ್ತಾರೆ ಅಂತ ಸರ್ಕಾರ ಹೇಳತ್ತೆ. ಒಳ್ಳೇದೇ. ಆದ್ರೆ ಬ್ಯಾಚ್ ಪರೀಕ್ಷೆ ಹೇಳೋದು ಮಾತ್ರೆಯಲ್ಲಿ ಏನಿದೆ, ಗಾಜಿನ ಪಾತ್ರೆಯಲ್ಲಿ ಎಷ್ಟು ಕರಗ್ತು ಅಂತ. ಎರಡನೇ ಖಾನೆಯ ಮದ್ದಿಗೆ ಅದು ಸಾಲಲ್ಲ, ಒಂದನೇ ಖಾನೆಗೆ ಅದು ಬಹುತೇಕ ಸಾಕು.

ಹಾಗಾಗಿ ಮನೆಯವರಿಗೆ ನಾನು ಹೇಳೋದು ಇಷ್ಟು. ಜ್ವರ, ಮೈಕೈ ನೋವಿಗೆ ಯಾವ ಜೆನೆರಿಕ್ ಆದ್ರೂ ತಗೊಳ್ಳಿ, ದುಡ್ಡು ಉಳಿಸಿ. ಮೆಟ್‌ಫಾರ್ಮಿನ್, ಅಟೆನೊಲಾಲ್ ಅಗ್ಗದ್ದು ತಗೊಳ್ಳಿ, ಬದಲಾಯಿಸಿದ ಮೇಲೆ ಒಂದು ಸಲ ಸಕ್ಕರೆ, ಬೀಪಿ ನೋಡಿಸ್ಕೊಳ್ಳಿ. ಮೂರ್ಛೆರೋಗದ ಮಾತ್ರೆಯನ್ನ ಮಾತ್ರ ತಿಂಗಳಿಗೊಂದು ಕಂಪನಿ ಅಂತ ಡಾಕ್ಟರಿಗೆ ಹೇಳದೇ ಬದಲಾಯಿಸಬೇಡಿ, ಅಗ್ಗದ್ದರಿಂದ ದುಬಾರಿಗೂ ಬದಲಾಯಿಸಬೇಡಿ.

ಅಮೆರಿಕದಲ್ಲಿ 1980ರಿಂದ ಒಂದು ಪುಸ್ತಕ ಇದೆ, ಆರೆಂಜ್ ಬುಕ್ ಅಂತಾರೆ. ಯಾವ ಮಾತ್ರೆ ಯಾವ ಮಾತ್ರೆಗೆ ಸಮ ಅಂತ ಸಂಕೇತಾಕ್ಷರ ಹಾಕಿ ಪಟ್ಟಿ ಮಾಡಿರ್ತಾರೆ, ಈಗ ಅಂತರ್ಜಾಲದಲ್ಲೇ ಯಾರು ಬೇಕಾದ್ರೂ ನೋಡಬಹುದು. ನಮಗೆ ಅಷ್ಟು ದೊಡ್ಡ ಪುಸ್ತಕ ತಕ್ಷಣ ಬೇಡ. 2023ರ ಆಗಸ್ಟ್ 1ರಿಂದ ನಮ್ಮಲ್ಲಿ ಹೆಚ್ಚು ಮಾರಾಟವಾಗೋ 300 ಬ್ರಾಂಡುಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯ ಆಗಿದೆ. ಫೋನ್ ಹಿಡಿದ್ರೆ ಮದ್ದಿನ ಹೆಸರು, ತಯಾರಕರ ವಿಳಾಸ, ಬ್ಯಾಚ್ ನಂಬರ್, ಲೈಸೆನ್ಸ್ ನಂಬರ್ ಎಲ್ಲಾ ಬರಬೇಕು. ಆ ಚೌಕದೊಳಗೆ ಇನ್ನೂ ಎರಡು ಸಾಲಿಗೆ ಜಾಗ ಇದೆ: ಈ ಡೋಸಿಗೆ ಬಿಸಿಎಸ್ ಖಾನೆ ಯಾವುದು, ಬಿಇ ಪರೀಕ್ಷೆ ಅಥವಾ ಅದರ ಬದಲಿಗೆ ಕರಗುವ ಪರೀಕ್ಷೆ ಯಾವ ವರ್ಷ ಆಗಿದೆ. ಆಗಿಲ್ಲ ಅಂದ್ರೆ ಆಗಿಲ್ಲ ಅಂತಲೇ ಬರೀಲಿ. 300 ಬ್ರಾಂಡಿಗೆ ನಿಲ್ಲಿಸದೇ ಜನೌಷಧಿ ಪಟ್ಟಿಯ ಮಾತ್ರೆಗಳಿಗೂ ಇದೇ ಬರಲಿ.